ಡಬ್ಬಿಯ ಮೇಲಿನ ಹೆಸರಲ್ಲ, ಒಳಗಿನ ಚಿಪ್ ನೋಡಿ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ನಿಂದ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ 21 ಹಾಕಿದ್ದೇನೆ. ಎಲ್ಲಾ ಚೆನ್ನಾಗಿದೆ, ವೈಫೈ ಮಾತ್ರ ಇಲ್ಲವೇ ಇಲ್ಲ. ‘ಲಿನಕ್ಸ್ ಸಪೋರ್ಟ್’ ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ಯುಎಸ್‌ಬಿ ಡಾಂಗಲ್ ತಂದೆ. ಹಾಕಿದರೆ ಸಿಡಿ ಡ್ರೈವ್ ಥರ ತೆರೆದುಕೊಳ್ಳುತ್ತದೆ, ಒಳಗೆ ವಿಂಡೋಸ್‌ನ ಸೆಟಪ್ ಫೈಲ್ ಇದೆ! ಒಳಗಿನ ಕಾರ್ಡಿನ ಐಡಿ 14ಇ4:4365, ಡಾಂಗಲ್‌ನದು 0ಬಿಡಿಎ:1ಎ2ಬಿ. ಲಿನಕ್ಸ್‌ಗೆ ಹೊಂದುವ ಕಾರ್ಡ್ ಯಾವುದು ಕೊಳ್ಳಲಿ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ಐಡಿ ಬರೆದು ಕಳಿಸಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ಬಹಳಷ್ಟು ಮಂದಿ ಲ್ಯಾಪ್‌ಟಾಪ್ ಕಂಪನಿಯ ಹೆಸರು ಹೇಳಿ ‘ವೈಫೈ ಬರುತ್ತಿಲ್ಲ’ ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಐಡಿ ಎಂದರೆ ಸಾಧನ ಕಂಪ್ಯೂಟರ್‌ಗೆ ತನ್ನ ಗುರುತು ಹೇಳಿಕೊಳ್ಳುವ ಸಂಖ್ಯೆ. ಸಾಮಾನ್ಯವಾಗಿ ಅದರ ಮೊದಲ ಭಾಗ ಚಿಪ್ ಮಾಡಿದವರದು, ಎರಡನೆಯದು ಚಿಪ್‌ನದು. 14ಇ4 ಅಂದರೆ ಬ್ರಾಡ್‌ಕಾಮ್, 0ಬಿಡಿಎ ಅಂದರೆ ರಿಯಲ್‌ಟೆಕ್. ಇಂಟೆಲ್‌ನದು 8086, 1978ರ ತಮ್ಮ ಪ್ರಸಿದ್ಧ ಪ್ರೊಸೆಸರ್‌ನ ಸಂಖ್ಯೆಯನ್ನೇ ಇಟ್ಟುಕೊಂಡಿದ್ದಾರೆ.

ನಿಮ್ಮ 14ಇ4:4365 ಎಂಬುದು ಬ್ರಾಡ್‌ಕಾಮ್ ಬಿಸಿಎಂ43142. ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬರುವ ಮುಕ್ತ ಡ್ರೈವರ್‌ಗಳಲ್ಲಿ, ಅಂದರೆ ಚಿಪ್‌ಗಳನ್ನು ನಡೆಸುವ ಪ್ರೋಗ್ರಾಂಗಳಲ್ಲಿ, ಯಾವುದೂ ಇದನ್ನು ನಡೆಸುವುದಿಲ್ಲ. ಬ್ರಾಡ್‌ಕಾಮ್‌ನ ಸ್ವಂತ ಡ್ರೈವರ್ ಬೇಕು, ಅದು ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ನಲ್ಲೇ ಸಿಗುತ್ತದೆ. ಇಂಟರ್‌ನೆಟ್ ಇಲ್ಲದೆ ಡೌನ್‌ಲೋಡ್ ಹೇಗೆ ಅನ್ನುತ್ತೀರಾ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದೇ ಲ್ಯಾಪ್‌ಟಾಪ್‌ಗೂ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ.

ಡ್ರೈವರ್ ಹಾಕುವಾಗ ಒಂದು ಕಡೆ ಎಚ್ಚರ ಬೇಕು. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆದೊಡನೆ ಓಡುವ ಮೂಲ ಪ್ರೋಗ್ರಾಂ) ಸೆಕ್ಯೂರ್ ಬೂಟ್, ಅಂದರೆ ನಂಬಿಕಸ್ಥರ ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯುವ ಕಾವಲು, ಆನ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಅದರಲ್ಲಿ ‘ಎನ್‌ರೋಲ್ ಮೋಕ್’ (ಹೊಸ ಡ್ರೈವರ್‌ನ ಸಹಿಯನ್ನು ನಂಬು ಎಂದು ಹೇಳುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಇದ್ದೂ ಇಲ್ಲದಂತೆ. ‘ಇನ್‌ಸ್ಟಾಲ್ ಆಯ್ತು, ಆದರೂ ವೈಫೈ ಇಲ್ಲ’ ಎಂಬ ದೂರುಗಳ ಮೂಲ ಹಲವು ಸಲ ಇದೇ.

ಇನ್ನು ಡಾಂಗಲ್. 1ಎ2ಬಿ ವೈಫೈ ಚಿಪ್‌ನ ಐಡಿಯೇ ಅಲ್ಲ. ವಿಂಡೋಸ್ ಬಳಸುವವರಿಗೆ ಡ್ರೈವರ್ ಸುಲಭವಾಗಿ ಸಿಗಲೆಂದು ಇಂಥ ಡಾಂಗಲ್‌ಗಳು ಮೊದಲು ಸಿಡಿಯ ವೇಷ ಹಾಕಿ ಬರುತ್ತವೆ. ಮೋಡ್‌ಸ್ವಿಚ್ ಎಂಬ ಪ್ರೋಗ್ರಾಂ ಆ ವೇಷ ಕಳಚಿಸಬೇಕು, ಕೆಲವೊಮ್ಮೆ ಅದಕ್ಕೆ ಆಗುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಆ ಸಿಡಿಯನ್ನು ‘ಇಜೆಕ್ಟ್’ ಮಾಡಿ, ಡಾಂಗಲ್ ಕೀಳಬೇಡಿ, ಐಡಿ ಮತ್ತೆ ನೋಡಿ. ಅದು 0ಬಿಡಿಎ:ಸಿ811 ಎಂದು ಬದಲಾದರೆ ಒಳಗಿರುವುದು ರಿಯಲ್‌ಟೆಕ್ 8821ಸಿಯು ಬಳಗದ ಚಿಪ್. ಅದರ ಡ್ರೈವರ್ ಕರ್ನಲ್ 6.2ರಿಂದ ಒಳಗೇ ಇದೆ. ಮಿಂಟ್ 21 ಜೊತೆ ಬಂದದ್ದು 5.15, ಹಾಗಾಗಿ ನಿಮ್ಮಲ್ಲಿ ಕೆಲಸ ಮಾಡಲಿಲ್ಲ. ಅಪ್‌ಡೇಟ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಲಿನಕ್ಸ್ ಕರ್ನಲ್ಸ್’ ಇದೆ, ಅಲ್ಲಿಂದ ಹೊಸ ಕರ್ನಲ್ ಹಾಕಿಕೊಳ್ಳಬಹುದು. ಮಿಂಟ್ 22ಕ್ಕೆ ಹೋದರೆ 6.8 ತಾನಾಗಿಯೇ ಬರುತ್ತದೆ.

ಡಬ್ಬಿಯ ಮೇಲಿನ ‘ಲಿನಕ್ಸ್ ಸಪೋರ್ಟ್’ ಸುಳ್ಳು ಎನ್ನಲಾರೆ. ಆದರೆ ಎಷ್ಟೋ ಸಲ ಅದರರ್ಥ, ಯಾವುದೋ ಹಳೆಯ ಕರ್ನಲ್‌ಗೆ ಬರೆದ ಡ್ರೈವರ್‌ನ ಜಿಪ್ ಫೈಲ್ ಎಲ್ಲೋ ಇದೆ ಎಂದಷ್ಟೇ. ಹಾಗೆ ಹೊರಗಿನಿಂದ ತಂದು ಕಂಪೈಲ್ ಮಾಡಿದ ಡ್ರೈವರ್ ಇವತ್ತು ಓಡುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಕೈಕೊಡಬಹುದು. ಕರ್ನಲ್ ಒಳಗೇ ಡ್ರೈವರ್ ಇರುವ ಚಿಪ್ ಬಿಟ್ಟು ಬೇರೆಯದಕ್ಕೆ ದುಡ್ಡು ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಡೆಲ್ ನಂಬರನ್ನೂ ಪೂರ್ತಿ ನಂಬುವಂತಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಡಾಂಗಲ್ ನೋಡಿ. ಮೊದಲ ಆವೃತ್ತಿಯಲ್ಲಿ ಏಥೆರಾಸ್ ಎಆರ್9271 ಚಿಪ್ ಇತ್ತು, ಲಿನಕ್ಸ್‌ನವರ ಅಚ್ಚುಮೆಚ್ಚು. ಅದರ ಫರ್ಮ್‌ವೇರ್ (ಚಿಪ್ ಒಳಗೇ ಓಡುವ ಪ್ರೋಗ್ರಾಂ) ಕೂಡ ಮುಕ್ತ. ಎರಡನೇ ಆವೃತ್ತಿಯಿಂದ ಅದೇ ಹೆಸರಿನಲ್ಲಿ ರಿಯಲ್‌ಟೆಕ್ ಚಿಪ್. ಹಳೆಯ ಹೊಗಳಿಕೆ ಓದಿಕೊಂಡು ಹೋದವರು ಮೋಸಹೋದರು. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ‘ವಿ1’, ‘ವಿ2’ ಎಂದಿರುವುದನ್ನೂ ಓದಿ.

ಇಷ್ಟೆಲ್ಲಾ ಆದಮೇಲೂ ಹೊಸದೇ ಬೇಕೆಂದರೆ ಅದಕ್ಕೊಂದು ನ್ಯಾಯವಾದ ಕಾರಣವಿದೆ. ನಿಮ್ಮ ಬ್ರಾಡ್‌ಕಾಮ್ 2.4 ಗಿಗಾಹರ್ಟ್ಜ್ ಮಾತ್ರ ಹಿಡಿಯುತ್ತದೆ, ರೂಟರ್‌ನ 5 ಗಿಗಾಹರ್ಟ್ಜ್ ಅದಕ್ಕೆ ಕಾಣುವುದೇ ಇಲ್ಲ. ಯುಎಸ್‌ಬಿಯಲ್ಲಿ ಮೀಡಿಯಾಟೆಕ್ ಎಂಟಿ7612ಯು ಚಿಪ್ ಇರುವುದನ್ನು ಹುಡುಕಿ, ಕರ್ನಲ್ 4.19ರಿಂದ ಬೆಂಬಲವಿದೆ, ನಿಮ್ಮ 5.15ಕ್ಕೂ ಸಾಕು. ವೈಫೈ 6 ಬೇಕಾದರೆ ಎಂಟಿ7921ಯು, ಅದಕ್ಕೆ 5.18 ಅಥವಾ ಹೊಸದು ಬೇಕು.

ಒಳಗಿನ ಕಾರ್ಡನ್ನೇ ಬದಲಿಸುವುದಾದರೆ ನನ್ನ ಮತ ಇಂಟೆಲ್‌ಗೆ. ಮೊದಲು ಹಿಂಬದಿ ಬಿಚ್ಚಿ ಸ್ಲಾಟ್ ಯಾವುದೆಂದು ನೋಡಿ: ಹಳೆಯ ಮಾದರಿಯ ಮಿನಿ ಪಿಸಿಐಇ ಆದರೂ ಹೊಸ ಮಾದರಿಯ ಎಂ.2 ಆದರೂ ಇಂಟೆಲ್ 7260 ಎರಡು ಆಕಾರದಲ್ಲೂ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಎಂ.2 ಸ್ಲಾಟ್ ಇದ್ದರೆ ಎಎಕ್ಸ್200 ಹಾಕಬಹುದು. ಎಎಕ್ಸ್201 ಬೇಡ. ನೋಡಲು ಅವಳಿ, ಆದರೆ ಅದರ ಅರ್ಧ ಕೆಲಸ ಇಂಟೆಲ್‌ನ ಕೆಲವು ಹೊಸ ಪ್ರೊಸೆಸರ್‌ಗಳ ಒಳಗೆ ನಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸತ್ತಂತೆ ಕೂತಿರುತ್ತದೆ.

ಎಚ್‌ಪಿ ಅಥವಾ ಲೆನೊವೊ ಆಗಿದ್ದರೆ ಕೊಳ್ಳುವ ಮುಂಚೆ ಇನ್ನೊಂದು ವಿಚಾರಿಸಿ. ಇವೆರಡರ ಹಳೆಯ ಮಾಡೆಲ್‌ಗಳಲ್ಲಿ ಕೆಲವದರ ಬಯೋಸ್, ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡ್ ಕಂಡರೆ ಬೂಟ್ ಆಗಲೇ ಬಿಡುವುದಿಲ್ಲ. ಅಂಥದ್ದಾದರೆ ಪಟ್ಟಿಯಲ್ಲಿರುವ ಕಾರ್ಡ್, ಇಲ್ಲವೇ ಡಾಂಗಲ್ ಮಾತ್ರ ದಾರಿ. ಕಾರ್ಡ್ ತೆಗೆಯುವಾಗ ಆಂಟೆನಾದ ಎರಡು ಸಣ್ಣ ವೈರ್‌ಗಳನ್ನು ಎಳೆಯಬೇಡಿ, ತುದಿಯ ಲೋಹದ ಗುಂಡಿಯನ್ನು ಉಗುರಿನಿಂದ ನೇರ ಮೇಲಕ್ಕೆ ಎತ್ತಿ. ಎಂ.2 ಕಾರ್ಡಿನ ಗುಂಡಿ ಮಿನಿ ಪಿಸಿಐಇಯದಕ್ಕಿಂತ ಚಿಕ್ಕದು, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.