ಐಸ್‌ಲ್ಯಾಂಡಿನ ಅಲ್ಯುಮಿನಿಯಂ ಡಚ್ಚರ ಲೆಕ್ಕಕ್ಕೇಕೆ?

ಪ್ರಶ್ನೆ: ನಾನು ಬೆಳಗಾವಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಐಸ್‌ಲ್ಯಾಂಡ್ ಮೀನು ಮಾರಿ ಬದುಕುವ ದೇಶವೆಂದು ನಾವು ಓದಿದ್ದೆವು. ಈಗಿನ ಅಂಕಿಅಂಶಗಳಲ್ಲಿ ಅಲ್ಯುಮಿನಿಯಂ ಮೀನಿಗೆ ಸರಿಸಮನಾಗಿ ನಿಂತಿದೆ. ರಫ್ತು ಹೋಗುವ ದೇಶಗಳಲ್ಲಿ ನೆದರ್‌ಲ್ಯಾಂಡ್ಸ್ ಎಲ್ಲರಿಗಿಂತ ಮುಂದಿದೆ. ಅಲ್ಯುಮಿನಿಯಂನ ಅದಿರಾದ ಬಾಕ್ಸೈಟ್‌ನ ಗಣಿಯೇ ಇಲ್ಲದ ದೇಶ ಇಷ್ಟು ಲೋಹ ಮಾರುವುದು ಹೇಗೆ? ಡಚ್ಚರಿಗೆ ಅಷ್ಟೊಂದು ಅಲ್ಯುಮಿನಿಯಂ ಏಕೆ ಬೇಕು? ಸರಕು ವ್ಯಾಪಾರದಲ್ಲಿ ಕೊರತೆಯಿದ್ದೂ ಆ ದೇಶ ಹೇಗೆ ನಡೆಯುತ್ತದೆ? ಭಾರತದೊಂದಿಗಿನ ಹೊಸ ಒಪ್ಪಂದದಿಂದ ಏನಾದರೂ ಬದಲಾದೀತೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಊರಿನಲ್ಲೇ ಇದೆ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತಯಾರಾಗುವ ಬಿಳಿಯ ಪುಡಿ, ಅಂದರೆ ಅಲ್ಯುಮಿನಾ, ಇನ್ನೂ ಲೋಹವಲ್ಲ. ಅಂಥ ಪುಡಿ ಸುಮಾರು ಎರಡು ಟನ್ ಬೇಕು, ಅದರ ಮೂಲಕ ಎಡೆಬಿಡದೆ ವಿದ್ಯುತ್ ಹರಿಯಬೇಕು. ಆಗ ಒಂದು ಟನ್ ಅಲ್ಯುಮಿನಿಯಂ ದೊರೆಯುತ್ತದೆ. ಹೀಗೆ ಖರ್ಚಾಗುವ ವಿದ್ಯುತ್ ಸುಮಾರು 14,000ದಿಂದ 15,000 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯೊಂದಕ್ಕೆ ಅದು ಹನ್ನೆರಡು ವರ್ಷ ಸಾಕಾಗುವಷ್ಟು. ಆದುದರಿಂದ ಲೋಹ ಕರಗಿಸುವ ಕಾರ್ಖಾನೆಗಳು ಗಣಿಯ ಪಕ್ಕದಲ್ಲೇ ಇರಬೇಕೆಂದಿಲ್ಲ, ಅಗ್ಗದ ವಿದ್ಯುತ್ ಇರುವ ಕಡೆ ನೆಲೆಗೊಳ್ಳುತ್ತವೆ.

ಐಸ್‌ಲ್ಯಾಂಡಿನಲ್ಲಿ ಹಿಮನದಿಗಳಿಂದ ಇಳಿಯುವ ನೀರೂ ನೆಲದೊಳಗಿನ ಬಿಸಿಯೂ ಧಾರಾಳವಾಗಿವೆ, ಆದರೆ ಅವುಗಳಿಂದ ಬರುವ ವಿದ್ಯುತ್ತನ್ನು ಯೂರೋಪಿಗೆ ಸಾಗಿಸಲು ಸಮುದ್ರದಡಿಯ ಕೇಬಲ್ ಇಲ್ಲ. ಹಾಗಾಗಿ ಹಡಗಿನಲ್ಲಿ ಬಂದ ಅಲ್ಯುಮಿನಾ ಆ ವಿದ್ಯುತ್ತನ್ನು ಕುಡಿದು ಲೋಹದ ಗಟ್ಟಿಯಾಗಿ ಮರಳಿ ಹಡಗೇರುತ್ತದೆ. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಸುಮಾರು ಮೂರನೇ ಎರಡು ಪಾಲು ಹೀಗೆ ಮೂರೇ ಕಾರ್ಖಾನೆಗಳಿಗೆ ಹೋಗುತ್ತದೆ: ರಾಜಧಾನಿ ರೇಕ್ಯಾವಿಕ್‌ನ ಬಳಿಯ ಸ್ಟ್ರೌಮ್ಸ್‌ವಿಕ್ (1969), ಗ್ರುಂಡಾರ್ಟಾಂಗಿ (1998) ಮತ್ತು ಪೂರ್ವ ತೀರದ ರೇದರ್‌ಫ್ಯೋರ್ದುರ್ (2007). ಕೊನೆಯದೊಂದಕ್ಕಾಗಿಯೇ 690 ಮೆಗಾವಾಟ್ ಸಾಮರ್ಥ್ಯದ ಕಾರಾನ್ಯೂಕರ್ ಜಲವಿದ್ಯುತ್ ಯೋಜನೆಯನ್ನು ಕಟ್ಟಲಾಯಿತು, ಮತ್ತು ಅದರಿಂದ ಮುಳುಗಿದ ಎತ್ತರದ ಬಯಲಿನ ಬಗ್ಗೆ ಅಲ್ಲಿ ದೊಡ್ಡ ಪ್ರತಿಭಟನೆಯೇ ನಡೆದಿತ್ತು.

ನೆದರ್‌ಲ್ಯಾಂಡ್ಸ್ ಮೊದಲ ಸ್ಥಾನದಲ್ಲಿರುವುದಕ್ಕೆ ಕಾರಣ ರಾಟರ್‌ಡ್ಯಾಮ್ ಬಂದರು. ಐಸ್‌ಲ್ಯಾಂಡಿನ ಗಟ್ಟಿಗಳಲ್ಲಿ ಬಹುಪಾಲು ಅಲ್ಲಿ ಇಳಿದು, ಗೋದಾಮಿನಲ್ಲಿ ಕುಳಿತು, ಅನಂತರ ಜರ್ಮನಿ ಮೊದಲಾದ ಕಡೆಯ ಕಾರ್ಖಾನೆಗಳಿಗೆ ಹೋಗುತ್ತವೆ. ಸರಕು ಇಳಿದ ದೇಶದ ಹೆಸರು ರಫ್ತು ಪಟ್ಟಿಯಲ್ಲಿ ಉಳಿಯುತ್ತದೆ, ಬಳಸಿದ ದೇಶದ್ದು ಮರೆಯಾಗುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ರಾಟರ್‌ಡ್ಯಾಮ್ ಪರಿಣಾಮ ಎನ್ನುತ್ತಾರೆ. ಭಾರತದ ರಫ್ತು ಪಟ್ಟಿಯಲ್ಲಿ ನೆದರ್‌ಲ್ಯಾಂಡ್ಸ್ ಅಷ್ಟು ಮೇಲಿರುವುದಕ್ಕೂ ಅದೇ ಬಂದರಿಗೆ ಹೋಗುವ ಡೀಸೆಲ್‌ನಂಥ ಪೆಟ್ರೋಲಿಯಂ ಉತ್ಪನ್ನಗಳು ಬಹುಮಟ್ಟಿಗೆ ಕಾರಣ. ದೇಶವಾರು ಕೋಷ್ಟಕವನ್ನು ಬದಿಗಿಟ್ಟು ಸರಕುವಾರು ಕೋಷ್ಟಕದಿಂದ ಪಾಠ ಆರಂಭಿಸಿದರೆ ವಿದ್ಯಾರ್ಥಿಗಳಿಗೆ ಗೊಂದಲ ಕಡಿಮೆಯಾದೀತು ಎಂಬುದು ನನ್ನ ಅನಿಸಿಕೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಮೂರೂ ಕಾರ್ಖಾನೆಗಳು ವಿದೇಶಿ ಕಂಪನಿಗಳ ಒಡೆತನದಲ್ಲಿವೆ, ಮತ್ತು ಮುಖ್ಯ ಕಚ್ಚಾವಸ್ತು ಪೂರ್ತಿ ಆಮದಿನದು. ನೂರು ರೂಪಾಯಿಯ ಅಲ್ಯುಮಿನಿಯಂ ರಫ್ತಾದರೆ ಕಚ್ಚಾವಸ್ತುವಿನ ಬೆಲೆಯೂ ಲಾಭಾಂಶವೂ ಹೊರಗೆ ಹೋಗಿ, ದೇಶದಲ್ಲಿ ಉಳಿಯುವುದು ವಿದ್ಯುತ್ತಿನ ದರ, ಸಂಬಳ, ತೆರಿಗೆ ಮತ್ತು ಬಂದರಿನ ದುಡಿಮೆ ಮಾತ್ರ. ನೂರು ರೂಪಾಯಿಯ ಮೀನಿನಲ್ಲಿ ಡೀಸೆಲ್, ಬಲೆ, ಹಡಗಿನ ಬಿಡಿಭಾಗಗಳನ್ನು ಕಳೆದರೂ ಉಳಿಯುವ ಪಾಲು ಅದಕ್ಕಿಂತ ಬಹಳ ದೊಡ್ಡದು. ಪಟ್ಟಿಯಲ್ಲಿ ಎರಡೂ ಸರಿಸಮನಾಗಿ ಕಂಡರೂ ಜನರ ಕೈಗೆ ಬರುವ ಹಣದಲ್ಲಿ ಅವು ಸಮವಲ್ಲ.

ನಿಮ್ಮ ಹಳೆಯ ಪಠ್ಯ ಸುಳ್ಳು ಹೇಳಿರಲಿಲ್ಲ. 1960ರ ದಶಕದಲ್ಲಿ ಆ ದೇಶದ ಸರಕು ರಫ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೀನೇ ಆಗಿತ್ತು. 1967–68ರಲ್ಲಿ ಹೆರ್ರಿಂಗ್ ಮೀನಿನ ಹಿಂಡುಗಳು ಕೈಕೊಟ್ಟಾಗ ರಫ್ತಿನ ಆದಾಯ ಕುಸಿದು, ಕ್ರೋನಾ ನಾಣ್ಯದ ಮೌಲ್ಯವನ್ನು ಎರಡು ವರ್ಷ ಸಾಲಾಗಿ ಇಳಿಸಬೇಕಾಯಿತು. ಮೊದಲ ಅಲ್ಯುಮಿನಿಯಂ ಕಾರ್ಖಾನೆಯ ಒಪ್ಪಂದಕ್ಕೆ 1966ರಲ್ಲೇ ಸಹಿ ಬಿದ್ದಿತ್ತಾದರೂ, ಒಂದೇ ಸರಕನ್ನು ನಂಬಿ ಕೂರಲಾಗದೆಂಬ ವಾದಕ್ಕೆ ಬಲ ಬಂದದ್ದು ಈ ಪೆಟ್ಟಿನಿಂದ. 1970ರಲ್ಲಿ ಐಸ್‌ಲ್ಯಾಂಡ್ ಇಎಫ್‌ಟಿಎ, ಅಂದರೆ ಯೂರೋಪಿಯನ್ ಮುಕ್ತ ವ್ಯಾಪಾರ ಸಂಘವನ್ನು ಸೇರಿತು. 1994ರಿಂದ ಯೂರೋಪಿಯನ್ ಆರ್ಥಿಕ ಪ್ರದೇಶದ ಸದಸ್ಯತ್ವ ಇರುವುದರಿಂದ ಅದರ ಅಲ್ಯುಮಿನಿಯಂ ಯೂರೋಪಿಯನ್ ಒಕ್ಕೂಟದೊಳಕ್ಕೆ ಸುಂಕವಿಲ್ಲದೆ ಹೋಗುತ್ತದೆ. ಒಕ್ಕೂಟದ ಪೂರ್ಣ ಸದಸ್ಯನಾಗಲು ಮಾತ್ರ ಅದು ಹಿಂಜರಿದಿದೆ, ಏಕೆಂದರೆ ಸದಸ್ಯನಾದರೆ ಮೀನುಗಾರಿಕೆಯ ನೀತಿ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನ ಕೈಸೇರುತ್ತದೆ. ತನ್ನ ಮೀನುಗಾರಿಕಾ ಗಡಿಯನ್ನು 1952ರಿಂದ 1975ರೊಳಗೆ 4, 12, 50, ಕೊನೆಗೆ 200 ಮೈಲಿಗೆ ಒಯ್ಯಲು ಬ್ರಿಟನ್ನಿನ ಯುದ್ಧನೌಕೆಗಳನ್ನೂ ಎದುರಿಸಿದ ಜನ ಅವರು.

ಮೀನಿನ ವ್ಯಾಪಾರದ ಸೊಗಸು ನೋಡಬೇಕಾದರೆ ಒಂದೇ ಕಾಡ್ ಮೀನನ್ನು ಹಿಂಬಾಲಿಸಿ. ಅದರ ತಾಜಾ ಹೋಳು ವಿಮಾನ ಹತ್ತಿ ಒಂದೆರಡು ದಿನಗಳಲ್ಲಿ ಫ್ರಾನ್ಸಿನದೋ ಅಮೆರಿಕದದೋ ಅಂಗಡಿಯಲ್ಲಿರುತ್ತದೆ. ಉಪ್ಪು ಹಾಕಿದ ದಪ್ಪ ಹೋಳು ಸ್ಪೇನ್, ಪೋರ್ಚುಗಲ್‌ಗಳ ಅಡುಗೆಮನೆ ಸೇರುತ್ತದೆ. ಉಳಿಯುವ ತಲೆ ಮತ್ತು ಬೆನ್ನೆಲುಬನ್ನು ಹಿಂದೆ ಮರದ ಚಪ್ಪರಗಳಿಗೆ ತೂಗುಹಾಕಿ ಗಾಳಿಗೆ ಒಣಗಿಸುತ್ತಿದ್ದರು. ಈಗ ನೆಲದೊಳಗಿನ ಬಿಸಿಯಿಂದ ಕಾಯಿಸಿದ ಕೋಣೆಗಳಲ್ಲಿ, ಜಾಲರಿ ತಟ್ಟೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಕಟ್ಟಿಗೆಯಂತೆ ಗಟ್ಟಿಯಾದ ಆ ತಲೆಗಳು ಮೂಟೆ ಮೂಟೆಯಾಗಿ ನೈಜೀರಿಯಾಕ್ಕೆ ಹೋಗುತ್ತವೆ, ಅಲ್ಲಿನ ಸಾರುಗಳಿಗೆ ರುಚಿ ಕೊಡಲು. ನಮ್ಮ ಕರಾವಳಿಯ ಒಣಮೀನಿನ ಘಮ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಬೇರೆ ಯೂರೋಪಿಯನ್ನರು ಎಸೆಯುವ ಭಾಗಕ್ಕೆ ಆಫ್ರಿಕಾದಲ್ಲಿ ಮಾರುಕಟ್ಟೆ ಕಂಡುಕೊಂಡದ್ದು ಆ ವ್ಯಾಪಾರದ ನಿಜವಾದ ಜಾಣ್ಮೆ. ಆದರೆ ದೂರದ ಮಾರುಕಟ್ಟೆ ಎಂದಾದರೂ ಮುಚ್ಚಬಹುದು: ಉಕ್ರೇನ್ ವಿಚಾರದ ನಿರ್ಬಂಧಗಳಿಗೆ ಬೆಂಬಲ ಕೊಟ್ಟಿದ್ದಕ್ಕೆ ಪ್ರತಿಯಾಗಿ 2015ರ ಆಗಸ್ಟ್‌ನಲ್ಲಿ ರಷ್ಯಾ ಐಸ್‌ಲ್ಯಾಂಡಿನ ಆಹಾರ ಸಾಮಗ್ರಿಗಳನ್ನು ತಡೆದಾಗ, ಅಲ್ಲಿಗೆ ಹೋಗುತ್ತಿದ್ದ ಬಂಗುಡೆ ಜಾತಿಯ ಮೀನಿಗೆ ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು.

ಕೊರತೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಧಾನ್ಯ, ಕಾರು, ಇಂಧನ, ಯಂತ್ರ ಎಲ್ಲವೂ ಹೊರಗಿನಿಂದ ಬರಬೇಕಾದ ಸುಮಾರು 4 ಲಕ್ಷ ಜನರ ದೇಶದಲ್ಲಿ ಸರಕಿನ ಆಮದು ಹೆಚ್ಚಿರುವುದು ಸಹಜ. ಆ ಅಂತರವನ್ನು ಪ್ರವಾಸೋದ್ಯಮದಂಥ ಸೇವೆಗಳು ಬಹುಮಟ್ಟಿಗೆ ತುಂಬುತ್ತವೆ. 2010ರಲ್ಲಿ 5 ಲಕ್ಷದ ಆಸುಪಾಸಿನಲ್ಲಿದ್ದ ಪ್ರವಾಸಿಗರ ಸಂಖ್ಯೆ 2018ರಲ್ಲಿ 23 ಲಕ್ಷಕ್ಕೆ ಏರಿತು. 2008ರ ಬ್ಯಾಂಕ್ ಕುಸಿತದಿಂದ ಕ್ರೋನಾ ಅಗ್ಗವಾಗಿದ್ದು ಇದಕ್ಕೆ ಮೊದಲ ಕಾರಣ.

ಭಾರತದ ಒಪ್ಪಂದದ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡ. ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ಸೇರಿದ ಇಎಫ್‌ಟಿಎ ಜೊತೆ 2024ರ ಮಾರ್ಚ್ 10ರಂದು ಸಹಿಯಾದ ಈ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹದಿನೈದು ವರ್ಷಗಳಲ್ಲಿ 100 ಬಿಲಿಯನ್ ಡಾಲರ್ ಹೂಡಿಕೆಯ ಮಾತು ನಾಲ್ಕೂ ದೇಶಗಳನ್ನು ಒಟ್ಟುಗೂಡಿಸಿ ಹೇಳಿದ್ದು. ಐಸ್‌ಲ್ಯಾಂಡಿನ ಮಟ್ಟಿಗೆ ಹೇಳುವುದಾದರೆ, ಕೈಗಾರಿಕಾ ಸರಕುಗಳ ಮೇಲಿನ ಆಮದು ಸುಂಕವನ್ನು ಅದು 2017ರ ಜನವರಿಯ ವೇಳೆಗೇ, ಯಾವ ದೇಶದ್ದೆಂದು ನೋಡದೆ, ತೆಗೆದುಹಾಕಿದೆ. ನಮ್ಮ ಬಟ್ಟೆಗೂ ಯಂತ್ರದ ಬಿಡಿಭಾಗಕ್ಕೂ ಅಲ್ಲಿ ಬಾಗಿಲು ಆಗಲೇ ತೆರೆದಿತ್ತು. ಒಪ್ಪಂದದಿಂದ ಅದಕ್ಕೆ ಸೇರಿದ್ದು, ಆ ಬಾಗಿಲನ್ನು ಮತ್ತೆ ಮುಚ್ಚುವುದಿಲ್ಲವೆಂಬ ಲಿಖಿತ ಮಾತು.