ಟ್ರೈಲರ್ ನೆಲ ಮೆತ್ತಗಾಗಿದೆ, ಮೇಲೆ ಪ್ಲೈವುಡ್ ಹೊಡೆದರೆ ಸಾಕಾ?

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ಇದ್ದೇವೆ. ಹೋದ ವರ್ಷ 2011ರ ಮಾಡೆಲ್ ಟ್ರಾವೆಲ್ ಟ್ರೈಲರ್ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ವಾಸಿಸಬಹುದಾದ ಗಾಡಿ) ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಬಾಗಿಲು ದಾಟಿ ಕಾಲಿಟ್ಟ ಕಡೆ ನೆಲ ಮೆತ್ತಗೆ ಒಳಕ್ಕೆ ಹೋಗುತ್ತದೆ. ಮೇಲೆ ಹಾಸಿದ ವಿನೈಲ್ (ಪ್ಲಾಸ್ಟಿಕ್ ಹಾಸು) ಹರಿದಿಲ್ಲ, ನೋಡಲು ಚೆನ್ನಾಗೇ ಇದೆ. ಅದರ ಮೇಲೇ ಒಂದು ಪ್ಲೈವುಡ್ ಹಾಕಿ ಸ್ಕ್ರೂ ಹೊಡೆಯಿರಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಸಾಕಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ವಿನೈಲ್ ಮೂಲಕ ತೇವ ಮೇಲಕ್ಕೆ ಬರಲಾರದು. ಅದಕ್ಕೇ ಕೆಳಗಿನ ಮರ ಹಾಳಾಗಿದ್ದರೂ ಮೇಲೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅದರ ಮೇಲೆ ಇನ್ನೊಂದು ಹಲಗೆ ಕೂರಿಸಿದರೆ ತೇವ ಒಳಗೇ ಉಳಿಯುತ್ತದೆ, ಲಡ್ಡು ಹಿಡಿದ, ಅಂದರೆ ಕೊಳೆತ, ಮರದಲ್ಲಿ ಸ್ಕ್ರೂ ಕಚ್ಚುವುದೂ ಇಲ್ಲ.

ನೆಲ ಮೆತ್ತಗಾಗಲು ಎರಡು ಕಾರಣ ಇರಬಹುದು, ಎರಡಕ್ಕೂ ರಿಪೇರಿ ಬೇರೆ ಬೇರೆ. ಬಹಳ ಟ್ರೈಲರ್‌ಗಳಲ್ಲಿ ನೆಲ ಎಂದರೆ ಮೇಲೆ ಕೆಳಗೆ ಲುವಾನ್ ಎಂಬ ತೆಳುವಾದ ಪ್ಲೈವುಡ್, ನಡುವೆ ಥರ್ಮೋಕೋಲ್, ಎಲ್ಲವನ್ನೂ ಅಂಟಿಸಿ ಒತ್ತಿದ್ದು. ಬಾಗಿಲ ಬಳಿ ಓಡಾಟ ಜಾಸ್ತಿ, ಅಲ್ವಾ? ನೀರು ತಾಗದೇ ಇದ್ದರೂ ಅಲ್ಲಿ ಅಂಟು ಬಿಟ್ಟು ಪ್ಲೈ ಎದ್ದಿರಬಹುದು. ಇನ್ನು ಕೆಲವು ಟ್ರೈಲರ್‌ಗಳಲ್ಲಿ ಮರದ ತೊಲೆಗಳ ಮೇಲೆ ದಪ್ಪ ಪ್ಲೈವುಡ್ ಅಥವಾ ಒಎಸ್‌ಬಿ (ಮರದ ಚೂರುಗಳನ್ನು ಅಂಟಿಸಿ ಒತ್ತಿದ ಹಲಗೆ) ಇರುತ್ತದೆ. ಅದು ಮೆತ್ತಗಾಗಿದ್ದರೆ ಹೆಚ್ಚಾಗಿ ನೀರೇ ಕಾರಣ.

ಪತ್ತೆ ಮಾಡಲು ಬಾಗಿಲ ಕೆಳಗಿನ ಅಲ್ಯೂಮಿನಿಯಂ ಪಟ್ಟಿ ಬಿಚ್ಚಿ. ನೆಲದ ಅಂಚು ಅಲ್ಲೇ ಕಾಣುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಗಟ್ಟಿ ಇದ್ದು, ಮೇಲೆ ಬಡಿದಾಗ ಪೊಳ್ಳು ಸದ್ದು ಬಂದರೆ ಅಂಟು ಬಿಟ್ಟಿದೆ. ಕಪ್ಪಾಗಿದ್ದು ಪುಡಿಪುಡಿ ಬಂದರೆ ಲಡ್ಡಾಗಿದೆ.

ಬರೀ ಅಂಟು ಬಿಟ್ಟಿದ್ದರೆ ನಿಮ್ಮ ಅದೃಷ್ಟ. ಸಣ್ಣ ತೂತು ಕೊರೆದು, ನಿಧಾನವಾಗಿ ಗಟ್ಟಿಯಾಗುವ ತೆಳು ಎಪಾಕ್ಸಿಯನ್ನು (ಎರಡು ಭಾಗ ಬೆರೆಸಿ ಬಳಸುವ ಅಂಟು) ಸಿರಿಂಜಿನಲ್ಲಿ ಒಳಗೆ ಬಿಡಿ. ಮೇಲೆ ಪ್ಲಾಸ್ಟಿಕ್ ಹಾಸಿ, ಹಲಗೆ ಇಟ್ಟು, ಮರುದಿನದವರೆಗೆ ಭಾರ ಹೇರಿ. ಪಾಲಿಯೆಸ್ಟರ್ ರೆಸಿನ್ ಮಾತ್ರ ಬೇಡ, ಅದು ಥರ್ಮೋಕೋಲನ್ನೇ ಕರಗಿಸುತ್ತದೆ. ಸಾಲ್ವೆಂಟ್ ಇರುವ ಅಂಟುಗಳೂ ಹಾಗೇ.

ಲಡ್ಡಾಗಿದ್ದರೆ ನೆಲ ಕತ್ತರಿಸುವ ಮೊದಲು ಸೋರಿಕೆ ಹುಡುಕಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ, ಏಕೆಂದರೆ ಜನ ಹೊಸ ಹಲಗೆ ಹಾಕಿ ಖುಷಿಪಟ್ಟು, ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಕಾಲು ಕುಸಿದಾಗ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಬಾಗಿಲ ಚೌಕಟ್ಟಿನ ಸೀಲ್, ಹತ್ತಿರದ ಕಿಟಕಿ, ಚಾವಣಿಯ ಅಂಚು ಎಲ್ಲ ನೋಡಿ. ಒಬ್ಬರು ಹೊರಗಿನಿಂದ ಗಾರ್ಡನ್ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಒಳಗಿನ ನೀರಿನ ಪಂಪು, ಪೈಪಿನ ಜೋಡಣೆಗಳನ್ನೂ ಬಿಡಬೇಡಿ. ಸಿಕ್ಕ ಕಡೆ ಹಳೇ ಸೀಲಂಟ್ ಕೆರೆದು ತೆಗೆದು, ಹೊಸ ಬ್ಯೂಟೈಲ್ ಟೇಪ್ (ಅಂಟಂಟಾದ ರಬ್ಬರ್ ಪಟ್ಟಿ) ಹಾಕಿ ಕೂರಿಸಿ. ಹಳೆಯದರ ಮೇಲೆ ಸುಮ್ನೆ ಸಿಲಿಕೋನ್ ಬಳಿದರೆ ಪ್ರಯೋಜನವಿಲ್ಲ.

ಆಮೇಲೆ ಕತ್ತರಿಸುವ ಕೆಲಸ. ಹೊರಗಿನ ಕರೆಂಟ್, ಬ್ಯಾಟರಿ, ಪ್ರೊಪೇನ್ ಮೂರನ್ನೂ ಆಫ್ ಮಾಡಿ, ಟ್ರೈಲರ್ ಕೆಳಗೆ ಹೋಗಿ ವೈರು, ಗ್ಯಾಸ್ ಪೈಪು, ಟ್ಯಾಂಕು ಎಲ್ಲಿವೆ ಎಂದು ನೋಡಿಕೊಳ್ಳಿ. ಸಾಮಾನ್ಯವಾಗಿ ಗೋಡೆ, ಕಪಾಟು ನಿಲ್ಲಿಸುವ ಮೊದಲೇ ವಿನೈಲ್ ಹಾಸಿರುತ್ತಾರೆ, ಹಾಗಾಗಿ ಪೂರ್ತಿ ಎಳೆದು ತೆಗೆಯಲು ಆಗದು. ಕಪಾಟಿನ ಅಂಚಿಗೆ ಚಾಕುವಿನಿಂದ ಕತ್ತರಿಸಿ. ಗರಗಸದ ಅಲಗು ಪ್ಲೈನ ದಪ್ಪಕ್ಕಿಂತ ಕೆಳಗೆ ಇಳಿಯದಂತೆ ಹೊಂದಿಸಿ, ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆಯಿರಿ. ಎನ್95 ಮಾಸ್ಕ್ ಇರಲಿ, ಬೂಷ್ಟು ಖಂಡಿತ ಇರುತ್ತದೆ.

ಒಣಗಿಸಲು ಆತುರ ಬೇಡ. ತೇವ ಅಳೆಯುವ ಮೀಟರ್ 15 ಶೇಕಡಾಕ್ಕಿಂತ ಕೆಳಗೆ ಬರಲಿ. ನಿಮ್ಮ ಕಡೆ ಜುಲೈ, ಆಗಸ್ಟ್ ಬಿಟ್ಟರೆ ಇದಕ್ಕೆ ಒಳ್ಳೆಯ ಕಾಲ ಇಲ್ಲ. ತೊಲೆ ಹಾಳಾಗಿದ್ದರೆ ಪಕ್ಕಕ್ಕೆ ಹೊಸದೊಂದನ್ನು ಜೋಡಿಸಿ ಬಿಗಿಯಿರಿ. ಹೊಸ ಹಲಗೆಯ ನಾಲ್ಕೂ ಅಂಚಿಗೆ ಕೆಳಗಿನಿಂದ ಆಸರೆ ಬೇಕೇ ಬೇಕು. ಅಲ್ಯೂಮಿನಿಯಂ ಚೌಕಟ್ಟಿದ್ದರೆ ತಾಮ್ರದ ರಾಸಾಯನಿಕ ಹಾಕಿದ ಪ್ರೆಷರ್ ಟ್ರೀಟೆಡ್ ಮರ ಬಳಸಬೇಡಿ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಹಲಗೆ ಹಳೆಯದರಷ್ಟೇ ದಪ್ಪ ಇರಲಿ, ಅದರಲ್ಲೂ ಸ್ಲೈಡ್‌ಔಟ್ (ಹೊರಕ್ಕೆ ಜಾರಿ ಜಾಗ ಹೆಚ್ಚಿಸುವ ಭಾಗ) ಓಡುವ ಕಡೆ ಸ್ವಲ್ಪ ಎತ್ತರವಾದರೂ ಉಜ್ಜುತ್ತದೆ.

ಮೇಲೆ ಮತ್ತೆ ಶೀಟ್ ವಿನೈಲ್ ಹಾಕುವುದೇ ನನ್ನ ಸಲಹೆ. ಜೋಡಿಸುವ ವಿನೈಲ್ ಪಟ್ಟಿಗಳು ಚಳಿಯಲ್ಲಿ ಹೊರಗೆ ನಿಂತ ಗಾಡಿಯಲ್ಲಿ ಕುಗ್ಗಿ ಸಂದು ಬಿಡುತ್ತವೆ.

ಲಡ್ಡು ಗೋಡೆಯ ಬುಡಕ್ಕೂ ಹೋಗಿದ್ದರೆ ಅಲ್ಲಿಗೇ ನಿಲ್ಲಿಸಿ, ಆರ್‌ವಿ (ಇಂಥ ವಾಸದ ಗಾಡಿ) ರಿಪೇರಿಯವರನ್ನು ಕರೆದು ತೋರಿಸಿ. ಗೋಡೆಯ ಭಾರವನ್ನು ಮೊದಲು ಜ್ಯಾಕ್ ಮೇಲೆ ನಿಲ್ಲಿಸಬೇಕಾಗುತ್ತದೆ. ಅದು ಮನೆಯಲ್ಲಿ ಒಬ್ಬರೇ ಮಾಡುವ ಕೆಲಸ ಅಲ್ಲ.