ಒಂದು ಕೂಡಿಸಿದರೆ ಮೈನಸ್ ಆಗುವ ಸಂಖ್ಯೆ

ಪ್ರಶ್ನೆ: ಉಡುಪಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಗಳು 2147483647ಕ್ಕೆ ಒಂದು ಕೂಡಿಸಿ ತೋರಿಸಿದಳು, ಉತ್ತರ ಮೈನಸ್ ಬಂತು. ಈ ಸಂಖ್ಯೆಯಲ್ಲಿ ಅಂಥದ್ದೇನಿದೆ ಸರ್?
– ಓದುಗರು, ಕಲ್ಯಾಣಪುರ

ಉತ್ತರ: 2ರ 31ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಇದು. ಕಂಪ್ಯೂಟರ್ ಇಂಥ ಸಂಖ್ಯೆಯನ್ನು ಸಾಮಾನ್ಯವಾಗಿ 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ತುಂಬುವ 32 ಮನೆಗಳಲ್ಲಿ, ಇಡುತ್ತದೆ. ಅವುಗಳಲ್ಲಿ ಒಂದು ಪ್ಲಸ್–ಮೈನಸ್ ಗುರುತಿಗೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಯುವುದು ಇಷ್ಟೇ. ಇನ್ನೊಂದು ಕೂಡಿಸಿದರೆ ದಶಕ ಗುರುತಿನ ಮನೆಗೇ ಹೋಗುತ್ತದೆ, ಉತ್ತರ ಮೈನಸ್ ಆಗುತ್ತದೆ. ಅದು ಯಂತ್ರದ ಮಾತಾಯಿತು.

ನನಗೆ ಪ್ರೀತಿ ಇನ್ನೊಂದು ಗುಣದ ಮೇಲೆ: ಇದು ಅವಿಭಾಜ್ಯ. 1772ರಲ್ಲಿ, ದೃಷ್ಟಿ ಬಹುಪಾಲು ಹೋಗಿದ್ದ ಗಣಿತಜ್ಞ ಆಯ್ಲರ್ ಇದನ್ನು ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ ತಿಳಿಸಿದ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗೆ ಪರೀಕ್ಷಿಸಿದರೆ ಸಾಕು; ಇದರ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸುತ್ತ ಕೂರಬೇಕಿಲ್ಲ. ಇದಕ್ಕೆ ಅವಿಭಾಜ್ಯ ಅಪವರ್ತನ ಇದ್ದದ್ದೇ ಆದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. 63, 249 ಅವಿಭಾಜ್ಯಗಳಲ್ಲ; ಹಾಗಾಗಿ ಪರೀಕ್ಷೆ ಶುರುವಾಗುವುದೇ 311ರಿಂದ! ಸಾವಿರಾರು ಭಾಗಾಕಾರ ಒಂದೇ ಏಟಿಗೆ ಉಳಿಯಿತು. ಎಷ್ಟು ವರ್ಷ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನ್ನ ಸ್ವರ ಏರುತ್ತಿತ್ತು.

ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಮತ್ತೆ ಅದೇ ಸಂಖ್ಯೆ. 6, 28ರ ಹಾಗೆ ಪರಿಪೂರ್ಣ.

ಘಾತ ಅವಿಭಾಜ್ಯವಾದರೆ ಸಾಕು, 1 ಕಳೆದು ಬಂದದ್ದೂ ಅವಿಭಾಜ್ಯವೇ ಎಂದು ಮಗಳು ತಿಳಿಯದಿರಲಿ. 11 ಅವಿಭಾಜ್ಯವೇ, ಆದರೆ 2ರ 11ನೇ ಘಾತದಿಂದ 1 ಕಳೆದಾಗ ಬರುವ 2047 ಒಡೆಯುತ್ತದೆ. ಅಪವರ್ತನಗಳನ್ನು ಅವಳೇ ಹುಡುಕಲಿ, ಕ್ಯಾಲ್ಕ್ಯುಲೇಟರ್ ಕೊಡಬೇಡಿ. ಸುಳಿವು: 22ರಿಂದ ಭಾಗಿಸಿದರೆ ಎರಡೂ ಅಪವರ್ತನಗಳಿಗೆ ಶೇಷ 1.